ನಿಮಗಿದು ಗೊತ್ತೇ? – ಲೆಕ್ಕದ ಹಾಳೆಯ ಒಳಗುಟ್ಟು

• ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ 'ವಿಸಿಕ್ಯಾಲ್ಕ್' ಬಂದದ್ದು 1979ರಲ್ಲಿ. ಡ್ಯಾನ್ ಬ್ರಿಕ್ಲಿನ್‌ಗೆ ಇದು ಹೊಳೆದಾಗ ಅವರು ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿ. ಒಂದು ಅಂಕಿ ಬದಲಾದರೆ ಇಡೀ ಲೆಕ್ಕ ತಾನಾಗಿ ಬದಲಾಗಬೇಕು ಎಂಬುದೇ ಅವರ ಆಸೆ. ಬಾಬ್ ಫ್ರಾಂಕ್‌ಸ್ಟನ್ ಜತೆ ಸೇರಿ ಅದನ್ನು ನನಸಾಗಿಸಿದರು.

• ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಎಕ್ಸೆಲ್‌ಗೆ ದಿನಾಂಕವೂ ಒಂದು ಸಂಖ್ಯೆಯೇ. 26-1-1950ರಿಂದ 15-8-1947 ಅನ್ನು ಕಳೆದರೆ ಉತ್ತರ 895. ಸ್ವಾತಂತ್ರ್ಯ ಬಂದು ಅಷ್ಟು ದಿನಕ್ಕೆ ನಾವು ಗಣರಾಜ್ಯವಾದೆವು!

• ಖಾಲಿ ಸೆಲ್ ಬೇರೆ, ಸೊನ್ನೆ ಬೇರೆ. ಐವರಲ್ಲಿ ನಾಲ್ವರ ಅಂಕ 60, 70, 80, 90, ಒಬ್ಬಳು ಗೈರು. ಅವಳ ಸೆಲ್ ಖಾಲಿ ಬಿಟ್ಟರೆ ಆವರೇಜ್ ಫಾರ್ಮುಲಾ ಕೊಡುವ ಸರಾಸರಿ 75. ಅಲ್ಲಿ 0 ಬರೆದರೆ 60!

• ನಾಲ್ವರ ಸಂಬಳ ತಲಾ 20,000, ಐದನೆಯವರದು 1,20,000. ಸರಾಸರಿ 40,000; ಆದರೆ ಅಷ್ಟು ಸಂಬಳ ಪಡೆಯುವವರು ಒಬ್ಬರೂ ಇಲ್ಲ. ಮೀಡಿಯನ್ ಫಾರ್ಮುಲಾ ಹಾಕಿ ನೋಡಿ, ನಡುವಿನ ಬೆಲೆ 20,000 ಸಿಗುತ್ತದೆ.

• ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಸರಿಯಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಬರೆದರೆ ಕೊನೆಯದು ಸೊನ್ನೆಯಾಗುತ್ತದೆ. ಬರೆಯುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿಕೊಳ್ಳಿ.

• ಪಟ್ಟಿಯಲ್ಲಿ ಹುಡುಕಿಕೊಡುವ ವಿಲುಕಪ್ ಫಾರ್ಮುಲಾದ ಕೊನೆಗೆ ಫಾಲ್ಸ್ ಅಥವಾ 0 ಬರೆಯುವುದನ್ನು ಮರೆತರೆ ಅದು 'ಹತ್ತಿರದ' ಉತ್ತರ ಹುಡುಕುತ್ತದೆ. ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಬೀಳಬಹುದು! ಹೊಸ ಎಕ್ಸ್‌ಲುಕಪ್‌ಗೆ ಈ ಕಾಟವಿಲ್ಲ. ಅದು ತಾನಾಗಿಯೇ ಕರಾರುವಾಕ್ಕಾದ ಹೊಂದಿಕೆ ಹುಡುಕುತ್ತದೆ.

• ಹೆಸರು ಕಣ್ಣೆದುರೇ ಇದ್ದರೂ ವಿಲುಕಪ್‌ಗೆ ಸಿಗುತ್ತಿಲ್ಲವೇ? ಹೆಸರಿನ ಹಿಂದೆ ಕಾಣದ ಒಂದು ಸ್ಪೇಸ್ ಅಡಗಿರಬಹುದು. ಟ್ರಿಮ್ ಫಾರ್ಮುಲಾ ಅದನ್ನು ಗುಡಿಸಿಹಾಕುತ್ತದೆ.

• ಮನುಷ್ಯನ ಒಂದು ಜೀನ್‌ಗೆ 'ಮಾರ್ಚ್1' ಎಂಬ ಸಂಕೇತವಿತ್ತು. ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತಿತ್ತು. ಆಗ ಎಕ್ಸೆಲ್ ಬದಲಾಗಲಿಲ್ಲ, ವಿಜ್ಞಾನಿಗಳೇ ಇಂಥ ಜೀನ್‌ಗಳ ಹೆಸರು ಬದಲಿಸಿದರು. ಇದು 2020ರಲ್ಲಿ ಸುದ್ದಿಯಾಯಿತು.

• ಅದೇ ವರ್ಷ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಸಕಾಲಕ್ಕೆ ಲೆಕ್ಕಕ್ಕೇ ಬರಲಿಲ್ಲ. ಹಳೆಯ ಎಕ್ಸೆಲ್ ಮಾದರಿಯ ಕಡತ 65,536 ಸಾಲಿಗೆ ತುಂಬಿಹೋಗಿತ್ತು. 2007ರಿಂದೀಚಿನ ಮಾದರಿಯ ಕಡತದಲ್ಲಿ 10,48,576 ಸಾಲು ಹಿಡಿಯುತ್ತವೆ. ಲೆಕ್ಕ ತಪ್ಪಿದ್ದರಿಂದ ಸೋಂಕಿತರ ಸಂಪರ್ಕಕ್ಕೆ ಬಂದವರ ಹುಡುಕಾಟ ತಡವಾಯಿತು. ಬಂದ ಸಾಲೆಷ್ಟು, ಸೇರಿದ ಸಾಲೆಷ್ಟು ಎಂದು ಎಣಿಸಿಕೊಳ್ಳುವ ಅಭ್ಯಾಸ ಎಷ್ಟು ಮುಖ್ಯ ನೋಡಿ!

• 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ನಾಲ್ಕು ಅಂಕಿಪಟ್ಟಿ ರಚಿಸಿದರು. ನಾಲ್ಕರ ಸರಾಸರಿ, ಏರಿಳಿತ ಎಲ್ಲ ಹೆಚ್ಚುಕಡಿಮೆ ಒಂದೇ. ಚಿತ್ರ ಬಿಡಿಸಿದರೆ ಮಾತ್ರ ಒಂದು ಓರೆಗೆರೆ, ಒಂದು ಕಮಾನು, ಇನ್ನೆರಡು ಒಂಟಿ ಚುಕ್ಕೆಯ ಎಳೆತಕ್ಕೆ ವಾಲಿದವು! ನೀವೂ ಮನೆಯ 12 ತಿಂಗಳ ಕರೆಂಟ್ ಬಿಲ್ಲನ್ನು ಒಂದು ಕಾಲಂನಲ್ಲಿ ಬರೆದು, ಆಲ್ಟ್ ಜತೆ ಎಫ್1 ಒತ್ತಿ. ಚಾರ್ಟ್ ಎದ್ದು ನಿಲ್ಲುತ್ತದೆ; ಯಾವ ತಿಂಗಳು ಜೇಬಿಗೆ ಕತ್ತರಿ ಬಿತ್ತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.