ಮುಗಿದ ಕೈ, ದುಡಿಯುವ ಕೈ

ಸಾವು ಕಾಲಿಡದ ಮನೆ ಲೋಕದಲ್ಲಿಲ್ಲ. ಬೆಳೆ ಒಣಗುವುದು, ಮನೆ ಕುಸಿಯುವುದು, ಕೂಡಿಟ್ಟ ಹಣ ಕರಗುವುದು ಇವೆಲ್ಲ ನಷ್ಟಗಳೇ. ಆದರೆ ಜೊತೆಯಲ್ಲಿ ಉಂಡು, ನಕ್ಕು, ನಡೆದಾಡಿದ ಜೀವವೊಂದು ಇಲ್ಲವಾಗುವ ನಷ್ಟಕ್ಕೆ ಸಮನಾದುದು ಮತ್ತೊಂದಿಲ್ಲ. ಆ ಹೊತ್ತಿನಲ್ಲಿ ಮನುಷ್ಯನ ಕೈಗಳು ತಾವಾಗಿಯೇ ಮುಗಿಯುತ್ತವೆ. ದುಃಖ ಸ್ವಲ್ಪ ತಗ್ಗಿದ ಮೇಲೆ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. “ಇಷ್ಟು ಬೇಡಿಕೊಂಡರೂ ಹೀಗೇಕಾಯಿತು?” ಎಂಬುದು ಒಂದು. “ಮಾಡಬೇಕಾದುದನ್ನೆಲ್ಲ ಮಾಡಿದೆವೆ?” ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜ್ಞಾನಿಗಳೂ ಸುಲಭವಾಗಿ ಉತ್ತರ ಹೇಳಲಾರರು. ಎರಡನೆಯದಕ್ಕೆ ಉತ್ತರ ಹೇಳಬೇಕಾದವನು ಮನುಷ್ಯನೇ. ಧಾರವಾಡ ಸೀಮೆಯ ಜನರಿಗೆ ಈ ಎರಡೂ ಪ್ರಶ್ನೆಗಳು ಒಮ್ಮೆಲೇ ಎದುರಾದ ಕಾಲವೊಂದಿತ್ತು. ಅದು ಪ್ಲೇಗಿನ ಕಾಲ.

ಧಾರವಾಡದ ಪಶ್ಚಿಮಕ್ಕೆ, ಎರೆ ಹೊಲಗಳು ಮುಗಿದು ಮಲೆನಾಡಿನ ಕಾಡು ಮೊದಲಾಗುವ ಸೆರಗಿನಲ್ಲಿ ಅಳ್ನಾವರವಿದೆ. ಹುಬ್ಬಳ್ಳಿಯಿಂದ ಲೋಂಡಾ ಕಡೆಗೆ ಹೋಗುವ ರೈಲುಮಾರ್ಗ ಈ ಊರನ್ನು ಹಾದುಹೋಗುತ್ತದೆ. ದಾಂಡೇಲಿಯ ಕವಲು ಮಾರ್ಗ ಒಡೆಯುವುದೂ ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸೀಮೆಗೆ ರೈಲು ಬಂದಿತು. ಅದರಿಂದ ವ್ಯಾಪಾರ ಬೆಳೆಯಿತು, ದೂರದ ಊರುಗಳು ಹತ್ತಿರವಾದವು. ಆದರೆ ಧಾನ್ಯ, ಅರಿವೆ, ಕಟ್ಟಿಗೆಗಳನ್ನು ಸಾಗಿಸಿದ ದಾರಿಯೇ ರೋಗವನ್ನೂ ಸಾಗಿಸಬಲ್ಲದೆಂಬುದು ಬೇಗನೆ ತಿಳಿಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಳನಾಡಿಗೆ ಹರಡಿತು. 1898ರಲ್ಲಿ ಹುಬ್ಬಳ್ಳಿ ಪಟ್ಟಣದಲ್ಲಿ ಸಾವಿರಾರು ಜನ ಅದಕ್ಕೆ ಬಲಿಯಾದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ರೋಗ ತಲೆಯೆತ್ತಿತು. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರೊಡನೆ ಅದು ಅಲ್ಲಿಗೆ ತಲುಪಿತ್ತು. ಭಾರತದಲ್ಲಿ ಮುಂದಿನ ಮೂರು ದಶಕಗಳಲ್ಲಿ ಈ ಮಾರಿಗೆ ತುತ್ತಾದವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು.

ರೋಗಿಗೆ ಮೊದಲು ಜ್ವರ, ನಡುಕ. ಬಳಿಕ ಕಂಕುಳಲ್ಲಿಯೋ ತೊಡೆಯ ಸಂದಿನಲ್ಲಿಯೋ ನೋವಿನ ಗಡ್ಡೆ. ಕೆಲವೇ ದಿನಗಳಲ್ಲಿ ಬಹುಮಂದಿಗೆ ಮರಣ. ಕಾರಣ ತಿಳಿಯದ, ಔಷಧವಿಲ್ಲದ ಇಂಥ ರೋಗದ ಮುಂದೆ ಜನ ಏನು ಮಾಡಿಯಾರು? ಊರಿನ ತಾಯಂದಿರಾದ ದ್ಯಾಮವ್ವ ದುರ್ಗವ್ವರಿಗೆ ಹರಕೆ ಹೊತ್ತರು, ಉಡಿ ತುಂಬಿದರು. ಮಸೀದಿಗಳಲ್ಲಿ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಹೊರಬೀಡು’ ಎಂಬ ಹಳೆಯ ಆಚರಣೆಯೊಂದಿದೆ. ಗೊತ್ತುಮಾಡಿದ ದಿನ ಊರಿಗೆ ಊರೇ ಮನೆಗಳಿಗೆ ಬಾಗಿಲು ಹಾಕಿ ಹೊರಗೆ ಹೋಗಿ, ಅಡವಿಯಲ್ಲಿ ಅಡುಗೆ ಮಾಡಿ ಉಂಡು, ಹೊತ್ತು ಇಳಿದ ಮೇಲೆ ಮರಳುತ್ತದೆ. ಊರಿಗೆ ಬರುವ ಕೇಡು ಇದರಿಂದ ತೊಲಗುವುದೆಂದು ಜನರ ನಂಬಿಕೆ. ಪ್ಲೇಗಿನ ಕಾಲದಲ್ಲಿ ಹೊರಗಿನ ವಾಸ ಒಂದು ದಿನದ್ದಾಗಿ ಉಳಿಯಲಿಲ್ಲ. ಮನೆಯಲ್ಲಿ ಇಲಿ ಸತ್ತುಬಿದ್ದರೆ ರೋಗ ಬಂದಂತೆಯೇ ಎಂಬುದನ್ನು ಜನ ಅನುಭವದಿಂದ ಕಂಡುಕೊಂಡರು. ಇಲಿ ಬಿದ್ದ ಊರನ್ನು ತೊರೆದು, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದರು.

ಹೀಗೆ ಊರು ಬಿಟ್ಟವರ ಜೀವ ಉಳಿದುದೇಕೆ ಎಂಬುದನ್ನು ವಿಜ್ಞಾನ ನಿಧಾನವಾಗಿ ವಿವರಿಸಿತು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದನ್ನು ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ರೋಗ ತಗುಲಿದ ಇಲಿ ಸತ್ತು ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೊಂದು ಬೆಚ್ಚಗಿನ ಮೈಯನ್ನು ಅರಸುತ್ತವೆ. ಬೇರೆ ಇಲಿ ಸಿಗದಿದ್ದರೆ ಮನುಷ್ಯನನ್ನು ಕಚ್ಚುತ್ತವೆ. ಇಲಿಗಳಿದ್ದ ಮನೆಯಿಂದ ದೂರ ಹೋದವನು ಚಿಗಟಗಳಿಂದಲೂ ದೂರವಾಗುತ್ತಿದ್ದನು. ಸಿಮೋಂಡನ ಮಾತನ್ನು ಆಗ ಹಲವು ವಿದ್ವಾಂಸರೇ ನಂಬಲಿಲ್ಲ. 1905ರ ನಂತರ ಭಾರತದಲ್ಲಿ ನಡೆದ ವಿಸ್ತಾರವಾದ ಪರೀಕ್ಷೆಗಳಿಂದ ಅದು ನಿಜವೆಂದು ಸ್ಥಿರಪಟ್ಟಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೇವಿಗೆ ಹರಕೆ ಹೊತ್ತವನೂ ಊರು ಬಿಟ್ಟವನೂ ಒಬ್ಬನೇ. ಅವನ ಹರಕೆ ಅವನ ಕಾಲುಗಳನ್ನು ಕಟ್ಟಿಹಾಕಲಿಲ್ಲ. ಆದರೆ ಎಲ್ಲರೂ ಹೀಗೆ ನಡೆದುಕೊಳ್ಳಲಿಲ್ಲ. ಹರಕೆ ಹೊತ್ತುದೇ ಸಾಕೆಂದು ಇಲಿ ಬಿದ್ದ ಮನೆಯಲ್ಲಿಯೇ ಮಲಗಿದವರಿದ್ದರು. ಬಿಟ್ಟುಬಂದ ಹಾಸಿಗೆ ಹೊದಿಕೆಗಳ ಆಸೆಗೆ ಮರಳಿ ಹೋದವರಿದ್ದರು. ರೋಗಿಯನ್ನು ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟವರೂ ಇದ್ದರು. ಇವರನ್ನು ಕೆಟ್ಟವರೆಂದು ತೆಗೆದುಹಾಕುವುದು ನ್ಯಾಯವಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಸರ್ಕಾರ ಬಹಳ ಕಠಿಣವಾಗಿ ನಡೆದುಕೊಂಡಿತು. ಪುಣೆಯಲ್ಲಿ ಸೈನಿಕರು ಮನೆಗಳೊಳಗೆ ನುಗ್ಗಿ ಶೋಧಿಸಿದಾಗ ಜನರ ಮಾನಕ್ಕೆ ಕುಂದುಂಟಾಯಿತು. ಆಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲವೆಂಬ ಭಯ ಎಲ್ಲೆಡೆ ಹಬ್ಬಿತು. ಜನರ ವಿಶ್ವಾಸವನ್ನು ಗಳಿಸುವುದು ಆಳುವವರ ಹೊಣೆಯಾಗಿತ್ತು. ಅದನ್ನು ಅವರು ನಿರ್ವಹಿಸಲಿಲ್ಲ. ಆದರೂ ಒಬ್ಬನು ತನ್ನ ಹೊಣೆಯನ್ನು ಮರೆತನೆಂದು ಇನ್ನೊಬ್ಬನ ಹೊಣೆ ಇಲ್ಲವಾಗುವುದಿಲ್ಲ. ಬಚ್ಚಿಟ್ಟ ಒಂದು ರೋಗ ಒಂದು ಓಣಿಯನ್ನೇ ಬರಿದು ಮಾಡಬಲ್ಲದಾಗಿತ್ತು.

ಇದೇ ಸಮಯದಲ್ಲಿ ಮುಂಬಯಿಯ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸಿದರು. ಇವರು 1860ರಲ್ಲಿ ಒಡೆಸ್ಸಾ ನಗರದಲ್ಲಿ ಹುಟ್ಟಿದ ಯೆಹೂದಿಗಳು. ಲಸಿಕೆಯನ್ನು ಜನರ ಮೇಲೆ ಪ್ರಯೋಗಿಸುವ ಮುನ್ನ, 1897ರ ಜನವರಿ 10ರಂದು, ಅದನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂದಿತು, ನೋವಾಯಿತು. ಅದನ್ನು ಸಹಿಸಿ ಚೇತರಿಸಿಕೊಂಡ ಮೇಲೆಯೇ ಅವರು ಇತರರಿಗೆ ಲಸಿಕೆ ನೀಡಲು ಮುಂದಾದರು. ಪರರ ಜೀವದ ಹೊಣೆ ಹೊರುವವನು ಅಪಾಯದ ಮೊದಲ ಪಾಲನ್ನು ತಾನೇ ತೆಗೆದುಕೊಳ್ಳಬೇಕೆಂಬುದು ಅವರ ನಿಲುವಾಗಿತ್ತು.

1898ರಲ್ಲಿ ಹುಬ್ಬಳ್ಳಿಯಲ್ಲಿ ಈ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಪಟ್ಟಣದ ಜನರಲ್ಲಿ ದೊಡ್ಡ ಭಾಗ ಅದನ್ನು ಹಾಕಿಸಿಕೊಂಡಿತು. ಲಸಿಕೆ ಪೂರ್ಣ ರಕ್ಷಣೆ ಕೊಡುವಂಥದಾಗಿರಲಿಲ್ಲ. ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ರೋಗ ಬಂದಿತು. ಆದರೆ ಹಾಕಿಸಿಕೊಳ್ಳದವರಿಗಿಂತ ಅವರಲ್ಲಿ ಸಾವು ಬಹಳ ಕಡಿಮೆ. ಪರಕೀಯ ಸರ್ಕಾರ ತಂದ, ಹಿಂದೆ ಕಂಡು ಕೇಳಿರದ ಸೂಜಿಗೆ ತೋಳನ್ನು ಒಡ್ಡುವುದು ಅಂದಿನ ಗೃಹಸ್ಥನಿಗೆ ಸಣ್ಣ ಮಾತಾಗಿರಲಿಲ್ಲ. ಹೆಂಡತಿ ಮಕ್ಕಳ ಮುಖ ನೋಡಿ ಅವನು ನಿರ್ಣಯಕ್ಕೆ ಬರಬೇಕಾಗಿತ್ತು. ಮನೆಯ ದೇವರಿಗೆ ಕೈಮುಗಿದು ಹೋಗಿ ಲಸಿಕೆ ಹಾಕಿಸಿಕೊಂಡವನಲ್ಲಿ ನಂಬಿಕೆಯೂ ಹೊಣೆಗಾರಿಕೆಯೂ ಕೂಡಿಯೇ ಇದ್ದವು.

ಹೊಣೆಗಾರಿಕೆ ಎಂಬುದು ದೊಡ್ಡ ತ್ಯಾಗಗಳಲ್ಲಿ ಮಾತ್ರ ಇರುವುದಿಲ್ಲ. ಅತಿ ಚಿಕ್ಕ ಕೆಲಸದಲ್ಲಿಯೂ ಇರುತ್ತದೆ. 1902ರಲ್ಲಿ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರ ಪೈಕಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಲಸಿಕೆ ಹಾಕಿದ್ದು ಒಂದೇ ಸೀಸೆಯಿಂದ. ತಪ್ಪು ಪ್ರಯೋಗಾಲಯದ್ದೆಂದು ಬಗೆದು ಹಾಫ್‌ಕಿನ್‌ರನ್ನು ಕೆಲಸದಿಂದ ದೂರವಿಡಲಾಯಿತು. ಹಲವು ವಿಜ್ಞಾನಿಗಳು ಅವರ ಪರವಾಗಿ ನಿಂತು ದಾಖಲೆಗಳನ್ನು ಮತ್ತೆ ಶೋಧಿಸಿದರು. ಸೀಸೆಯ ಬೂಚು ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ನೆಲದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುವುದು ಸಾಮಾನ್ಯ. ಬಿದ್ದ ಚಿಮಟವನ್ನು ಶುದ್ಧಿಗೊಳಿಸುವುದು ಕೆಲವು ನಿಮಿಷಗಳ ಕೆಲಸ. ಆ ಕೆಲವು ನಿಮಿಷಗಳ ಅಲಕ್ಷ್ಯದಿಂದ 19 ಮನೆಗಳಲ್ಲಿ ಸೂತಕವಾಯಿತು. ಒಬ್ಬ ನಿರಪರಾಧಿಯ ಹೆಸರಿಗೆ ಮಸಿ ಹತ್ತಿತು. ಸಾವಿರಾರು ಜನ ಲಸಿಕೆಯೆಂದರೆ ಹೆದರುವಂತಾಯಿತು. ಹಾಫ್‌ಕಿನ್ ದೋಷಮುಕ್ತರಾದುದು 1907ರಲ್ಲಿ.

ಇಷ್ಟೆಲ್ಲ ಅನುಭವಿಸಿದ ಆ ವಿಜ್ಞಾನಿ ಭಾರತಕ್ಕೆ ಮರಳಿ ಬಂದು ದುಡಿದು, 1915ರಲ್ಲಿ ನಿವೃತ್ತರಾದರು. ಕೊನೆಯ ವರ್ಷಗಳನ್ನು ತಮ್ಮ ಧರ್ಮದ ಆಚರಣೆಯಲ್ಲಿ ಶ್ರದ್ಧೆಯಿಂದ ಕಳೆದರು. ತಮ್ಮ ಸಂಪತ್ತನ್ನು ಧಾರ್ಮಿಕ ವಿದ್ಯಾಶಾಲೆಗಳಿಗೆ ಮೀಸಲಿಟ್ಟು 1930ರಲ್ಲಿ ತೀರಿಕೊಂಡರು. ಸೂಕ್ಷ್ಮದರ್ಶಕದ ಮುಂದೆ ಕುಳಿತ ಕಣ್ಣುಗಳೂ ಪ್ರಾರ್ಥನೆಯಲ್ಲಿ ಮುಚ್ಚಿದ ಕಣ್ಣುಗಳೂ ಅವೇ ಆಗಿದ್ದವು. ಅವೆರಡರ ನಡುವೆ ವಿರೋಧ ಅವರಿಗೆ ಕಾಣಲಿಲ್ಲ. ಮುಂಬಯಿಯ ಆ ಸಂಸ್ಥೆ 1925ರಿಂದ ಅವರ ಹೆಸರಿನಲ್ಲಿಯೇ ನಡೆದುಬಂದಿದೆ.

ಆದರೆ ಕರ್ತವ್ಯವನ್ನೆಲ್ಲ ನೆರವೇರಿಸಿದವರಿಗೂ ನಷ್ಟ ತಪ್ಪುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ಯೋಗ್ಯವಾದುದು. ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಿದ ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ ಪ್ಲೇಗಿನ ರೋಗಿಗಳ ಸೇವೆಗೆ ನಿಂತರು. ರೋಗ ತಗುಲಿದ ಬಾಲಕನೊಬ್ಬನನ್ನು ತಾವೇ ಹೊತ್ತು ಚಿಕಿತ್ಸೆಗೆ ತಂದರು. ಅದೇ ರೋಗ ಅವರಿಗೂ ಹತ್ತಿ 1897ರ ಮಾರ್ಚ್ 10ರಂದು ತೀರಿಕೊಂಡರು. ಕರ್ತವ್ಯ ಮಾಡಿದವನಿಗೆ ಕೇಡು ಬಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ಹಾಗೆಯೇ, ಕೇಡು ಬಂದಿತೆಂದ ಮಾತ್ರಕ್ಕೆ ಅದು ಯಾರದೋ ಪಾಪದ ಫಲವೆನ್ನುವುದೂ ತಪ್ಪು. ಮಗುವನ್ನು ಕಳೆದುಕೊಂಡ ತಾಯಿಗೆ “ನಿನ್ನ ಭಕ್ತಿ ಸಾಲದಾಯಿತು” ಎನ್ನುವವನು ಸುಟ್ಟ ಗಾಯದ ಮೇಲೆ ಉಪ್ಪು ಸುರಿಯುವವನು. ತನ್ನ ಅಂಕೆಯಲ್ಲಿಲ್ಲದುದಕ್ಕೆ ತನ್ನನ್ನೇ ಜೀವಮಾನವೆಲ್ಲ ದೂಷಿಸಿಕೊಳ್ಳುವುದು ಹೊಣೆಗಾರಿಕೆಯಲ್ಲ. ತನ್ನ ಅಂಕೆಯಲ್ಲಿದ್ದುದನ್ನು ಮಾಡದೆ “ಎಲ್ಲ ದೈವೇಚ್ಛೆ” ಎನ್ನುವುದು ಭಕ್ತಿಯೂ ಅಲ್ಲ.

ನಷ್ಟ ಘಟಿಸಿಹೋದ ಮೇಲೂ ಒಂದು ಹೊಣೆ ಉಳಿದೇ ಇರುತ್ತದೆ. ಅದು ಬದುಕಿ ಉಳಿದವರ ಕಡೆಗಿನ ಹೊಣೆ. ಧಾರವಾಡದ ಕವಿ ದ.ರಾ. ಬೇಂದ್ರೆಯವರು ತಮ್ಮ ಹಲವು ಮಕ್ಕಳ ಸಾವನ್ನು ಕಂಡವರು. ಕೂಸಿನ ಸಾವಿನ ಹಿನ್ನೆಲೆಯಲ್ಲಿ ಅವರು ಬರೆದ ಕವಿತೆಯಲ್ಲಿ ತಂದೆಯ ಗಮನವೆಲ್ಲ ದುಃಖದಿಂದ ತನ್ನನ್ನು ನೋಡುತ್ತಿರುವ ಮಡದಿಯ ಕಡೆಗಿದೆ. ತನ್ನ ನೋವಿನ ನಡುವೆಯೂ ಪಕ್ಕದವರ ನೋವನ್ನು ಕಾಣಬಲ್ಲವನು ಮನೆಯನ್ನು ಮತ್ತೆ ನಿಲ್ಲಿಸಬಲ್ಲನು. ಅಳುವವರ ಹತ್ತಿರ ಸುಮ್ಮನೆ ಕುಳಿತುಕೊಳ್ಳುವುದು, ಒಲೆ ಹೊತ್ತದ ಮನೆಗೆ ರೊಟ್ಟಿ ಕಟ್ಟಿಕೊಂಡು ಹೋಗುವುದು, ತಬ್ಬಲಿಯಾದ ಮಗುವನ್ನು ಶಾಲೆಗೆ ಕಳಿಸುವುದು ಇವೂ ದೊಡ್ಡ ಕಾರ್ಯಗಳೇ.

ಹಾಗಾದರೆ ಪ್ರಾರ್ಥನೆಯಿಂದ ಆಗುವುದೇನು? ನಡುಗುವ ಮನಸ್ಸನ್ನು ಅದು ನಿಲ್ಲಿಸುತ್ತದೆ. ತಾನೊಬ್ಬನೇ ಅಲ್ಲವೆಂಬ ಧೈರ್ಯವನ್ನು ಕೊಡುತ್ತದೆ. ಮಾಡಬೇಕಾದ ಕೆಲಸಕ್ಕೆ ಮನುಷ್ಯನನ್ನು ಸಿದ್ಧಗೊಳಿಸುತ್ತದೆ. ಕೆಲಸವನ್ನು ಮಾತ್ರ ಅದು ಅವನ ಬದಲಾಗಿ ಮಾಡುವುದಿಲ್ಲ. ಕನ್ನಡ ನಾಡಿಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯಷ್ಟೇ ಎತ್ತರದಲ್ಲಿ ಇರಿಸಿದರು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆ ಪ್ರಸಿದ್ಧವಾದುದು. ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಆತ ಕಾಯಕವನ್ನು ನಿಲ್ಲಿಸಲಿಲ್ಲವಂತೆ. ದೇವರ ನೆಪದಲ್ಲಿ ಕೆಲಸ ತಪ್ಪಿಸಿಕೊಳ್ಳಲಾಗದು ಎಂಬುದೇ ಆ ಕಥೆಯ ತಿರುಳು.

ನೂರಿಪ್ಪತ್ತು ವರ್ಷಗಳ ಅನಂತರ ಲೋಕಕ್ಕೆ ಮತ್ತೊಂದು ಮಾರಿ ಬಂದಿತು. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ರೈಲುಗಳು ನಿಂತವು. ಗುಡಿ, ಮಸೀದಿ, ಚರ್ಚುಗಳ ಬಾಗಿಲುಗಳು ಮುಚ್ಚಿದವು. ಜನ ಮನೆಗಳಲ್ಲಿಯೇ ಪ್ರಾರ್ಥಿಸಿದರು. ಕೈ ತೊಳೆಯುವುದು, ಬಾಯಿ ಮೂಗುಗಳನ್ನು ಮುಚ್ಚಿಕೊಳ್ಳುವುದು, ಲಸಿಕೆ ಹಾಕಿಸಿಕೊಳ್ಳುವುದು ಇವು ಪ್ರತಿಯೊಬ್ಬನ ನಿತ್ಯದ ಹೊಣೆಗಳಾದವು. ಒಬ್ಬನ ಅಜಾಗರೂಕತೆ ಇನ್ನೊಬ್ಬನ ಮನೆಯ ಹಿರಿಯರ ಜೀವಕ್ಕೆ ಎರವಾಗಬಹುದೆಂಬ ಪ್ಲೇಗಿನ ಕಾಲದ ಪಾಠವನ್ನು ಹೊಸ ತಲೆಮಾರು ಮತ್ತೆ ಕಲಿಯಿತು.

ಮಾರಿಗಳು ಬರುತ್ತವೆ, ಹೋಗುತ್ತವೆ. ಯಾವ ಕಾಲದಲ್ಲಿಯೂ ಮನುಷ್ಯನಿಗೆ ಇರುವುದು ಎರಡೇ ಕೈಗಳು. ಮುಗಿಯುವುದಕ್ಕೆ ಎರಡು, ದುಡಿಯುವುದಕ್ಕೆ ಬೇರೆ ಎರಡು ಎಂದು ಅವನಿಗೆ ನಾಲ್ಕು ಕೈಗಳಿಲ್ಲ. ಮುಗಿದ ಕೈಗಳು ಬಿಚ್ಚಿಕೊಂಡು ರೋಗಿಯ ತುಟಿಗೆ ನೀರು ಹನಿಸಿದಾಗ ಆ ಪ್ರಾರ್ಥನೆ ಮುಂದುವರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ.