ಅಂಗವೈಕಲ್ಯವುಳ್ಳ ವಿದ್ಯಾರ್ಥಿನಿಯರೂ ಕಾಲೇಜಿನ ಶಿಕ್ಷಣವೂ

ಕಣ್ಣು ಮಂದವಾದ, ಕಿವಿ ಕೇಳಿಸದ, ಕಾಲು ಸ್ವಾಧೀನವಿಲ್ಲದ, ಅಥವಾ ಬುದ್ಧಿಯು ಚುರುಕಾಗಿದ್ದರೂ ಬರೆಯುವಲ್ಲಿ ಕೈ ತಡವರಿಸುವ ಹೆಣ್ಣುಮಕ್ಕಳು ನಮ್ಮ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರ ಮನೆಗಳಲ್ಲಿ ಇದ್ದಾರೆ. ಹತ್ತನೆಯ ತರಗತಿಯ ವರೆಗೆ ಅವರ ವಿದ್ಯಾಭ್ಯಾಸವು ಹೇಗೋ ಸಾಗುತ್ತದೆ. ಶಾಲೆಯಲ್ಲಿ ಉಪಾಧ್ಯಾಯಿನಿಯರು ಹುಡುಗಿಯನ್ನು ಹೆಸರು ಹಿಡಿದು ಬಲ್ಲರು; ಮುಂದಿನ ಬೆಂಚಿನಲ್ಲಿ ಕೂಡ್ರಿಸುವರು; ಗೆಳತಿಯರು ಕೈಹಿಡಿದು ನಡೆಸುವರು. ಆದರೆ ಪೀರನವಾಡಿಯಲ್ಲಿ ಬಸ್ಸು ಹತ್ತಿ ಬೆಳಗಾವಿಯ ಕಾಲೇಜಿಗೆ ಹೋದ ಹುಡುಗಿಯು ಅಲ್ಲಿ ನೂರಾರು ಜನರೊಳಗೆ ಒಬ್ಬಳು. ಆಕೆಗೆ ಏನು ಬೇಕೆಂಬುದನ್ನು ಅಲ್ಲಿ ಯಾರೂ ತಾವಾಗಿ ತಿಳಿಯಲಾರರು. ಬೇಕಾದುದನ್ನು ಕೇಳಬೇಕು, ಅದನ್ನೂ ಬರವಣಿಗೆಯಲ್ಲಿ, ಕಾಲಕ್ಕೆ ಸರಿಯಾಗಿ ಕೇಳಬೇಕು. ಈ ಕೇಳುವ ಸಂಗತಿಯನ್ನೇ ಇಲ್ಲಿ ವಿವರಿಸಲು ಬಯಸುತ್ತೇವೆ.

ಅಂಧರಿಗಾಗಿ ಭಾರತದಲ್ಲಿ ಮೊದಲನೆಯ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವಳು ಆನಿ ಶಾರ್ಪ್ ಎಂಬ ಮಿಶನರಿ ಮಹಿಳೆಯು. ಇಂಥವುಗಳೆಲ್ಲ ಪ್ರತ್ಯೇಕವಾದ ಶಾಲೆಗಳು. ಎಲ್ಲರೂ ಓದುವ ಕಾಲೇಜಿನಲ್ಲಿಯೇ ಓದಿ, ಎಲ್ಲರೂ ಬರೆಯುವ ಪರೀಕ್ಷೆಯನ್ನೇ ಬರೆಯುವುದು ಬೇರೆ ಮಾತು. ಅದರಲ್ಲಿ ಎಂಥ ತೊಡಕುಗಳು ಬರುತ್ತವೆಂಬುದನ್ನು ಹೆಲೆನ್ ಕೆಲರಳ ಆತ್ಮಚರಿತ್ರೆಯಿಂದ ತಿಳಿಯಬಹುದು. ಕಣ್ಣು ಕಿವಿಗಳೆರಡೂ ಇಲ್ಲದ ಆಕೆಯು 1899ರಲ್ಲಿ ಅಮೇರಿಕೆಯ ರ್‍ಯಾಡ್‌ಕ್ಲಿಫ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತಳು. ಪ್ರಶ್ನಪತ್ರಿಕೆಗಳನ್ನು ಬ್ರೈಲ್ ಲಿಪಿಯಲ್ಲಿ ಬರೆದುಕೊಡುವ ಏರ್ಪಾಡು ಆಗಿತ್ತು. ಆದರೆ ಬೀಜಗಣಿತದಲ್ಲಿ ಆಕೆಯು ರೂಢಿ ಮಾಡಿಕೊಂಡದ್ದು ಇಂಗ್ಲಿಷ್ ಬ್ರೈಲಿನ ಚಿಹ್ನೆಗಳನ್ನು. ಪತ್ರಿಕೆಯು ಬರತಕ್ಕದ್ದು ಅಮೇರಿಕನ್ ಪದ್ಧತಿಯಲ್ಲಿ. ಈ ಭೇದವು ಪರೀಕ್ಷೆಗೆ ಎರಡೇ ದಿವಸ ಮುಂಚೆ ಹೊರಬಿದ್ದಿತು. ಹಿಂದಿನ ರಾತ್ರಿ ಹೊಸ ಚಿಹ್ನೆಗಳನ್ನು ಕಲಿಯುತ್ತ ಕುಳಿತ ಆಕೆಯು ಪರೀಕ್ಷೆಯಲ್ಲಿ ಬಹಳ ಕಷ್ಟಪಟ್ಟಳು. ಆದರೂ ತೇರ್ಗಡೆಯಾಗಿ, 1904ರಲ್ಲಿ ಪದವೀಧರೆಯಾದಳು. ಇಲ್ಲಿ ಯಾರ ಸದ್ಭಾವನೆಗೂ ಕೊರತೆಯಿರಲಿಲ್ಲ. ಯಾವ ಚಿಹ್ನೆಗಳೆಂಬ ಪ್ರಶ್ನೆಯೊಂದೇ ಮೊದಲು ಎದ್ದಿರಲಿಲ್ಲ.

ಈಗ ನಮ್ಮ ದೇಶದಲ್ಲಿ ಇದಕ್ಕಾಗಿ ಕಾಯಿದೆ ಉಂಟು. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಓದುಬರಹದಲ್ಲಿ ಮಾತ್ರ ತೋರುವ ಕಲಿಕೆಯ ನ್ಯೂನತೆಯೂ ಇವುಗಳಲ್ಲಿ ಸೇರಿದೆ. ಇದನ್ನು ಅನೇಕ ಪಾಲಕರು ಇನ್ನೂ ಸೋಮಾರಿತನವೆಂದೇ ಬಗೆಯುತ್ತಾರೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳವರಿಗೆ ಸರಕಾರಿ ಹಾಗೂ ಸರಕಾರದ ಸಹಾಯಧನ ಪಡೆಯುವ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಾಗದಂತೆ ಸ್ಥಾನಗಳನ್ನು ಕಾದಿರಿಸತಕ್ಕದ್ದು. ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು.

ಸ್ಥಾನ ದೊರೆತ ಬಳಿಕವೇ ನಿಜವಾದ ಕೆಲಸವು. ಕಾಯಿದೆಯಲ್ಲಿ ‘ಸಮಂಜಸವಾದ ಹೊಂದಾಣಿಕೆ’ ಎಂಬ ಭಾವನೆಯೊಂದಿದೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ಆ ವ್ಯಕ್ತಿಗೆ ಅವಶ್ಯವಾದ ಮಾರ್ಪಾಟನ್ನು ಮಾಡಿಕೊಡುವುದೆಂದು ಅದರ ಅರ್ಥ. ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದು, ಬಾಗಿಲಲ್ಲಿ ಜನಸಂದಣಿ ಇದ್ದುದರಿಂದ ಮಾಳಿಗೆಯನ್ನೇ ತೆರೆದು ಇಳಿಸಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಬಾಗಿಲಿನಿಂದ ನಡೆದು ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ. ಕಾಲೇಜಿನಲ್ಲಿ ಮಾಳಿಗೆ ಒಡೆಯುವಷ್ಟು ಶ್ರಮವೂ ಬೇಡ. ಕಾಲಿಲ್ಲದ ಹುಡುಗಿಯ ತರಗತಿಯನ್ನು ಮೇಲಿನ ಮಹಡಿಯಿಂದ ಕೆಳಗೆ ತರುವುದು; ದೃಷ್ಟಿ ಮಂದವಾದವಳಿಗೆ ದೊಡ್ಡ ಅಕ್ಷರದ ಪತ್ರಿಕೆ ಕೊಡುವುದು; ತುಟಿಯ ಚಲನೆಯನ್ನು ನೋಡಿ ಮಾತು ತಿಳಿಯುವವಳಿದ್ದಲ್ಲಿ ಪ್ರಾಧ್ಯಾಪಕರು ಕರಿಹಲಗೆಯ ಕಡೆಗೆ ಮುಖ ಮಾಡಿ ಪಾಠ ಹೇಳದಿರುವುದು. ಈ ಕೊನೆಯದಕ್ಕೆ ಕಾಸೂ ಖರ್ಚಿಲ್ಲ. ಆದರೂ ರೂಢಿ ಬಿಡಿಸುವುದು ಇದನ್ನೇ ಕಠಿಣವೆಂದು ತೋರುತ್ತದೆ. ಪುಸ್ತಕಗಳ ವಿಷಯದಲ್ಲಿಯೂ ಒಂದು ಅಡ್ಡಿ ನೀಗಿದೆ: 2012ರ ತಿದ್ದುಪಡಿಯ ಮೇರೆಗೆ ಅಂಗವೈಕಲ್ಯವುಳ್ಳವರ ಉಪಯೋಗಕ್ಕಾಗಿ ಗ್ರಂಥಗಳನ್ನು ಬ್ರೈಲ್ ಅಥವಾ ಧ್ವನಿಯ ರೂಪಕ್ಕೆ ತಂದರೆ ಕೃತಿಸ್ವಾಮ್ಯದ ಭಂಗವಾಗುವುದಿಲ್ಲ.

ಪರೀಕ್ಷೆಯಲ್ಲಿ ಬರೆಯಲಾರದವಳಿಗೆ ಲಿಪಿಕಾರರ ಸಹಾಯ ಉಂಟು. ಉತ್ತರವು ವಿದ್ಯಾರ್ಥಿನಿಯದು, ಕೈ ಮಾತ್ರ ಲಿಪಿಕಾರಳದು. 2018ರ ಕೇಂದ್ರ ಸರಕಾರದ ಮಾರ್ಗಸೂಚಿಯು ತಾಸಿಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ವೇಳೆಯನ್ನು ಗೊತ್ತುಪಡಿಸಿತು. ಎಂದರೆ ಮೂರು ತಾಸಿನ ಪರೀಕ್ಷೆಗೆ ಒಂದು ತಾಸು. ಶೇಕಡಾ 40ರ ಮಿತಿಯನ್ನು ಮುಟ್ಟದವರಿಗೂ ನಿಜವಾದ ಅವಶ್ಯಕತೆ ಇದ್ದಲ್ಲಿ ಲಿಪಿಕಾರರನ್ನು ನಿರಾಕರಿಸಲಾಗದೆಂದು 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರವು ಬೇಕು. ಮನೆಯಲ್ಲಿ ಮರಾಠಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯ ಹುಡುಗಿಯ ಉಚ್ಚಾರವನ್ನು ತಿಳಿದು, ಶಾಸ್ತ್ರೀಯ ಶಬ್ದಗಳನ್ನು ತಪ್ಪಿಲ್ಲದೆ ಬರೆಯಬಲ್ಲ ಲಿಪಿಕಾರಳು ಬೇಕು. ಮುಂಚಿತವಾಗಿ ಇಬ್ಬರೂ ಕೂಡಿ ಅಭ್ಯಾಸ ಮಾಡದಿದ್ದರೆ, ದೊರೆತ ಹೆಚ್ಚಿನ ತಾಸು ಕಾಗುಣಿತ ಹೇಳುವುದರಲ್ಲಿಯೇ ಕಳೆದುಹೋದೀತು.

ಇಷ್ಟೆಲ್ಲ ಇದ್ದರೂ ಅನೇಕ ತಾಯಿತಂದೆಗಳು ಪ್ರಮಾಣಪತ್ರವನ್ನೇ ಮಾಡಿಸುವುದಿಲ್ಲ. “ನಾಳೆ ಮದುವೆಯ ಮಾತು ಬಂದಾಗ ಈ ಕಾಗದ ಅಡ್ಡ ಬಂದೀತು” ಎಂಬುದು ಅವರ ಭಯ. ಈ ಭಯವು ಹುರುಳಿಲ್ಲದ್ದೆಂದು ನಾವು ಹೇಳುವುದಿಲ್ಲ, ಸಮಾಜವು ಹಾಗಿದೆ. ಆದರೆ ಮುಚ್ಚಿಟ್ಟುದರಿಂದ ನ್ಯೂನತೆಯು ಹೋಗುವುದಿಲ್ಲ, ಕಾಲೇಜು ಮಾತ್ರ ಹೋಗುತ್ತದೆ. ಬಿ.ಎ. ಮುಗಿಸಿ ಸ್ವಂತ ಸಂಬಳ ತರುವ ಮಗಳ ಸ್ಥಿತಿಗೂ, ಹತ್ತನೆಯ ತರಗತಿಗೆ ನಿಂತು ಅಣ್ಣಂದಿರ ಆಶ್ರಯದಲ್ಲಿ ಉಳಿದ ಮಗಳ ಸ್ಥಿತಿಗೂ ಇರುವ ಅಂತರವನ್ನು ಪಾಲಕರೇ ತೂಗಿ ನೋಡಲಿ. ಹೆಚ್ಚಿನ ವೇಳೆಯನ್ನು ಕೇಳುವುದು ಭಿಕ್ಷೆಯೆಂದು ಹುಡುಗಿಯರು ನಾಚುವುದೂ ಸಲ್ಲದು. ಪ್ರಶ್ನೆಗಳು ಅವೇ, ಅಂಕಗಳ ಅಳತೆಯೂ ಅದೇ.

ತಡವಾದರೆ ಹಕ್ಕೂ ಪೂರ್ಣವಾಗಿ ಕೈಗೂಡದು. ಬರವಣಿಗೆಯ ನ್ಯೂನತೆಯುಳ್ಳ ವಿದ್ಯಾರ್ಥಿನಿಯೊಬ್ಬಳಿಗೆ 2021ರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚಿನ ತಾಸನ್ನು ಕೊಡಲಿಲ್ಲ. ಅದು ತಪ್ಪೆಂದು ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರವನ್ನು ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಆಜ್ಞಾಪಿಸಿತು. ಮರುಪರೀಕ್ಷೆಯನ್ನು ಮಾತ್ರ ಮಾಡಿಸಲಿಲ್ಲ.

ಆದುದರಿಂದ ಪ್ರವೇಶದ ವಾರದಲ್ಲಿಯೇ ಪ್ರಾಚಾರ್ಯರಿಗೆ ಅರ್ಜಿ ಬರೆಯಬೇಕು. ರೋಗದ ಹೆಸರನ್ನಷ್ಟೇ ಬರೆದರೆ ಸಾಲದು; ಯಾವ ತರಗತಿ, ಯಾವ ಪತ್ರಿಕೆ, ಯಾವ ಸಹಾಯ ಎಂಬುದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಸರಕಾರಿ ವೈದ್ಯಾಧಿಕಾರಿಗಳ ಪ್ರಮಾಣಪತ್ರದ ಪ್ರತಿಯನ್ನು ಅದಕ್ಕೆ ಲಗತ್ತಿಸಿ, ತಲುಪಿದ ಬಗ್ಗೆ ಕಾರ್ಯಾಲಯದ ಮೊಹರು ಬಿದ್ದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಇಂಥ ಅರ್ಜಿ ಬರೆಯಲು ತಿಳಿಯದ ಪಾಲಕರಿಗೆ ಅವರ ನೆರೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅರ್ಧ ತಾಸು ಕುಳಿತು ಬರೆದುಕೊಡಬಲ್ಲರು.