ಶನಿವಾರವಾಡೆಯ ಕೂಗು ಮತ್ತು ನಮ್ಮ ಕಿವಿ

ಪುಣೆಯ ಸದಾಶಿವ ಪೇಠೆಯಲ್ಲಿ, ಬಾಜೀರಾವ್ ರಸ್ತೆಯ ಗದ್ದಲಕ್ಕೆ ಮುಖಮಾಡಿ ವಿಶ್ರಾಮಬಾಗ್ ವಾಡೆ ನಿಂತಿದೆ. ಸುರುವಿನ ಮರದ ಆಕಾರದಲ್ಲಿ ಕೆತ್ತಿದ ತೇಗದ ಕಂಬಗಳ ಈ ಮನೆಯನ್ನು ಕೊನೆಯ ಪೇಶ್ವೆ ಎರಡನೇ ಬಾಜೀರಾಯ 1807ರ ಸುಮಾರಿಗೆ ಕಟ್ಟಿಸಿಕೊಂಡ. ಅಲ್ಲಿಂದ ಕಿಲೋಮೀಟರಿನಷ್ಟು ದೂರದಲ್ಲೇ ಅವನ ಅಜ್ಜ ಮೊದಲನೇ ಬಾಜೀರಾಯ 1732ರಲ್ಲಿ ಗೃಹಪ್ರವೇಶ ಮಾಡಿದ ಶನಿವಾರವಾಡೆ ಇತ್ತು. ಅಷ್ಟು ದೊಡ್ಡ ಅರಮನೆಯಿದ್ದೂ ಮೊಮ್ಮಗ ಬೇರೆ ಮನೆ ಮಾಡಿದ್ದೇಕೆ? ಭೋಗದ ಆಸೆ ಎನ್ನುವವರಿದ್ದಾರೆ. ನಾರಾಯಣರಾಯನ ದೆವ್ವಕ್ಕೆ ಅಂಜಿ ಎನ್ನುವ ಐತಿಹ್ಯವೂ ಇದೆ.

ಆ ಅಂಜಿಕೆಗೆ ಕಾರಣವಂತೂ ಇತ್ತು. 1773ರ ಆಗಸ್ಟ್ 30ರಂದು, ಗಣೇಶೋತ್ಸವದ ದಿನಗಳಲ್ಲಿ, ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನನ್ನು ಸುಮೇರ್ ಸಿಂಗ್ ಗಾರ್ದಿಯ ಗುಂಪು ಅರಮನೆಯೊಳಗೇ ಕಡಿದು ಹಾಕಿತು. ಹುಡುಗ ಚಿಕ್ಕಪ್ಪ ರಘುನಾಥರಾಯನ ಕೋಣೆಗೆ ಓಡಿ, ‘ಕಾಕಾ, ಮಲಾ ವಾಚವಾ’ (ಚಿಕ್ಕಪ್ಪಾ, ನನ್ನನ್ನು ಉಳಿಸು) ಎಂದು ಅವನನ್ನು ತಬ್ಬಿಕೊಂಡನಂತೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಬೆಟ್ಟು ತೋರಿಸಿದ್ದು ಆ ಚಿಕ್ಕಪ್ಪನತ್ತಲೇ. ಎರಡನೇ ಬಾಜೀರಾಯ ಅದೇ ರಘುನಾಥರಾಯನ ಮಗ.

ಇವತ್ತಿಗೂ ಹುಣ್ಣಿಮೆಯ ರಾತ್ರಿ ಆ ಕೂಗು ಕೇಳಿಸುತ್ತದೆ ಎಂಬುದು ಪುಣೆಯ ಮಾತು. ಅಮಾವಾಸ್ಯೆ ಎನ್ನುವವರೂ ಉಂಟು. ಹುಣ್ಣಿಮೆಯವರ ಲೆಕ್ಕ ತೀರಾ ತಪ್ಪಿಲ್ಲ. ಕೊಲೆ ನಡೆದದ್ದು ಭಾದ್ರಪದ ಶುದ್ಧ ತ್ರಯೋದಶಿಯಂದು, ಹುಣ್ಣಿಮೆಗೆ ಎರಡೇ ದಿನ ಮೊದಲು. ಹೊತ್ತಿನಲ್ಲಿ ಮಾತ್ರ ಎಡವಟ್ಟಾಗಿದೆ. ಪೇಶ್ವೆ ಸತ್ತದ್ದು ಮಟಮಟ ಮಧ್ಯಾಹ್ನ.

ಹಾಗಾದರೆ ಕೂಗು ರಾತ್ರಿಯೇ ಏಕೆ ಕೇಳಿಸಬೇಕು? ಇದಕ್ಕೆ ಭೌತವಿಜ್ಞಾನದಲ್ಲಿ ಒಂದು ಸೊಗಸಾದ ಕಾರಣವಿದೆ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ, ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿ ಸಾಗುತ್ತದೆ. ಹಗಲು ನೆಲ ಕಾದು ಕೆಳಗಿನ ಗಾಳಿ ಬಿಸಿಯಾಗಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತವೆ. ರಾತ್ರಿ ಇದು ತಿರುಗುಮುರುಗು. ನೆಲ ತಣಿದು, ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರ ಉಳಿಯುತ್ತದೆ. ಮೇಲೆ ಹೊರಟ ಶಬ್ದ ಬಾಗಿ ನೆಲಕ್ಕೇ ಮರಳುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ಈ ಪರಿಣಾಮ ಇನ್ನೂ ಜೋರು. ಬೆಳದಿಂಗಳು ನೋಡಲು ಜನ ಹೊರಗೆ ಬರುವುದೂ ಅಂಥ ರಾತ್ರಿಯಲ್ಲೇ. ಮುಠಾ ನದಿಯ ಆಚೆ ದಡದ ನಾಯಿ, ದೂರದ ರೈಲು, ಯಾವುದೋ ಓಣಿಯ ಮಗುವಿನ ಅಳು ಹಗಲಲ್ಲಿ ಎಲ್ಲೋ ಕರಗಿಹೋಗುವಂಥವು. ರಾತ್ರಿ ಮಾತ್ರ ಅರ್ಧಂಬರ್ಧ ರೂಪದಲ್ಲಿ ಕಿವಿಗೆ ಬೀಳುತ್ತವೆ. ಹಳೆಯ ಕಟ್ಟಡಗಳ ಸಂದಿಗಳಲ್ಲಿ ಗೂಡು ಮಾಡುವ ಕಣಜ ಗೂಬೆಯ ಚೀತ್ಕಾರವನ್ನು ಒಮ್ಮೆ ಕೇಳಿದವರು ಅದು ಮನುಷ್ಯರದ್ದಲ್ಲವೆಂದು ನಂಬಲು ಕಷ್ಟಪಡುತ್ತಾರೆ.

ಆ ಅರೆಬರೆ ಶಬ್ದಕ್ಕೆ ಮಾತಿನ ರೂಪ ಕೊಡುವುದು ಮಿದುಳು. 2001ರಲ್ಲಿ ನೆದರ್ಲೆಂಡ್ಸಿನ ಮನೋವಿಜ್ಞಾನಿಗಳಾದ ಮೆರ್ಕೆಲ್ಬಾಕ್ ಮತ್ತು ವಾನ್ ಡೆ ವೆನ್ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹಿಂದೆ ರೇಡಿಯೋ ಸ್ಟೇಷನ್ ಸಿಗದಾಗ ಬರುತ್ತಿತ್ತಲ್ಲ, ಅಂಥ ಬರೀ ‘ಸ್ಸ್’ ಎನ್ನುವ ಸದ್ದನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ‘ವೈಟ್ ಕ್ರಿಸ್‌ಮಸ್’ ಎಂಬ ಜನಪ್ರಿಯ ಹಾಡು ಕೇಳಿಸಿತು ಅನಿಸಿದಾಗ ಗುಂಡಿ ಒತ್ತಿ ಎಂದರು. ಅದರಲ್ಲಿ ಹಾಡೇ ಇರಲಿಲ್ಲ. ಆದರೂ ಸುಮಾರು ಮೂರರಲ್ಲೊಂದು ಪಾಲು ಜನ ಒಮ್ಮೆಯಾದರೂ ಗುಂಡಿ ಒತ್ತಿದರು. ಅವರೇನೂ ಸುಳ್ಳುಗಾರರಲ್ಲ, ಹುಚ್ಚರೂ ಅಲ್ಲ. ಯಾವ ಹಾಡು ಎಂದು ಮೊದಲೇ ಗೊತ್ತಿದ್ದದ್ದೇ ಸಾಕಾಯಿತು.

ಶನಿವಾರವಾಡೆಗೆ ಹೋಗುವವರ ಸ್ಥಿತಿಯೂ ಇದೇ. ದಿಲ್ಲಿ ದರವಾಜೆಯ ಮುಂದೆ, ಆನೆಗಳನ್ನು ತಡೆಯಲು ಬಾಗಿಲಿಗೆ ಜಡಿದ ಕಬ್ಬಿಣದ ಮೊಳೆಗಳನ್ನು ನೋಡುತ್ತ ನಿಂತವರಿಗೆ ಕೇಳಬೇಕಾದ ವಾಕ್ಯ ಶಬ್ದಶಃ ಬಾಯಿಪಾಠವಾಗಿರುತ್ತದೆ. ಅದರಲ್ಲೂ ‘ಕಾಕಾ’ ಎಂಬ ಎರಡು ದೀರ್ಘಾಕ್ಷರ. ಎಳೆದ ಯಾವ ಕೂಗೂ ಆ ಅಳತೆಗೆ ಹೊಂದಿಕೊಂಡೀತು.

ದೆವ್ವ ನಂಬದವರಿಗೂ ತಮ್ಮದೇ ಒಂದು ಐತಿಹ್ಯವಿದೆ, ಅದು ಕಿವಿಗೆ ಕೇಳದ ಮಂದ್ರ ಕಂಪನದ್ದು. ಇಂಗ್ಲೆಂಡಿನ ಕವೆಂಟ್ರಿಯ ವಿಕ್ ಟ್ಯಾಂಡಿ 1998ರಲ್ಲಿ, ತಮ್ಮ ಪ್ರಯೋಗಾಲಯದ ‘ದೆವ್ವ’ಕ್ಕೆ ಫ್ಯಾನ್ ಒಂದು ಹುಟ್ಟಿಸುತ್ತಿದ್ದ ಸುಮಾರು 19 ಹರ್ಟ್ಸ್‌ನ ಕಂಪನವೇ ಕಾರಣ ಎಂದು ಬರೆದರು. ಟಿವಿಯವರು ಅದನ್ನೇ ಹಿಡಿದುಕೊಂಡರು. ಆದರೆ 2009ರಲ್ಲಿ ಮನೋವಿಜ್ಞಾನಿ ಕ್ರಿಸ್ ಫ್ರೆಂಚ್ ತಂಡ ಲಂಡನ್ನಿನಲ್ಲಿ ಒಂದು ‘ದೆವ್ವದ ಕೋಣೆ’ಯನ್ನೇ ಕಟ್ಟಿ, ಮಂದ್ರ ಕಂಪನವನ್ನೂ ವಿದ್ಯುತ್ಕಾಂತ ಕ್ಷೇತ್ರವನ್ನೂ ಒಮ್ಮೆ ಬಿಟ್ಟು ಒಮ್ಮೆ ನಿಲ್ಲಿಸಿ ನೋಡಿತು. ವಿಚಿತ್ರ ಅನುಭವಗಳು ಬೇಕಾದಷ್ಟು ವರದಿಯಾದವು. ಅವಕ್ಕೂ ಆ ಕಂಪನಕ್ಕೂ ಸಂಬಂಧ ಮಾತ್ರ ಸಿಗಲಿಲ್ಲ. ಏನೋ ಆಗಬಹುದು ಎಂದು ಮೊದಲೇ ಹೇಳಿದ್ದೇ ಹೆಚ್ಚು ಕೆಲಸ ಮಾಡಿರಬೇಕು ಎಂಬುದು ತಂಡದ ಊಹೆ. ಹೇಗೂ ಶನಿವಾರವಾಡೆಗೆ ಮಂದ್ರ ಕಂಪನದ ವಾದ ಒಗ್ಗದು, ಕಂಪನ ಕಟ್ಟಿಕೊಳ್ಳಲು ಅಲ್ಲಿ ಕೋಣೆಯೇ ಇಲ್ಲ. 1828ರ ಬೆಂಕಿಯಲ್ಲಿ ಮರದ ಮಹಡಿಗಳೆಲ್ಲ ಸುಟ್ಟುಹೋಗಿ ಕಲ್ಲಿನ ಅಡಿಪಾಯ, ಕೋಟೆಗೋಡೆ, ಬಾಗಿಲುಗಳು ಉಳಿದವು. ನಾರಾಯಣರಾಯ ಓಡಿದ ಹಜಾರದ ಜಾಗದಲ್ಲಿ ಈಗ ಇರುವುದು ಬಯಲು.

ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಒಂದು ಓಟದ ಕಥೆಯಿದೆ. 1542ರಲ್ಲಿ ತಲೆ ಕಳೆದುಕೊಂಡ ಎಳೆಯ ರಾಣಿ ಕ್ಯಾಥರಿನ್ ಹವರ್ಡ್ ಪ್ರಾಣಭಿಕ್ಷೆಗೆಂದು ರಾಜನತ್ತ ಚೀರುತ್ತ ಓಡುತ್ತಾಳೆ. ಅಲ್ಲಿ ಪರೀಕ್ಷೆ ನಡೆಸಿದ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ತಂಡಕ್ಕೆ, ದೆವ್ವವನ್ನು ನಂಬುವವರಿಗೇ ಹೆಚ್ಚು ಅನುಭವಗಳಾಗಿದ್ದು ಕಂಡುಬಂತು. ಸಾಹಿತಿಗಳಿಗಂತೂ ಇಷ್ಟು ಸಿಕ್ಕರೆ ಧಾರಾಳ. 1974ರಲ್ಲಿ ಅಮೆರಿಕದ ಕೊಲೊರಾಡೊದ ಸ್ಟ್ಯಾನ್ಲಿ ಹೋಟೆಲು ಚಳಿಗಾಲಕ್ಕೆ ಬಾಗಿಲು ಹಾಕುವ ಹೊತ್ತಿಗೆ, ಕಾದಂಬರಿಕಾರ ಸ್ಟೀಫನ್ ಕಿಂಗ್ 217ನೇ ಕೋಣೆಯಲ್ಲಿ ಒಂದು ರಾತ್ರಿ ತಂಗಿದ್ದರು. ಖಾಲಿ ಹಜಾರಗಳು, ಮಗನನ್ನು ಏನೋ ಅಟ್ಟಿಸಿಕೊಂಡು ಬಂದಂತೆ ಒಂದು ಕೆಟ್ಟ ಕನಸು, ಅಷ್ಟೇ. 1977ರಲ್ಲಿ ಅವರ ‘ದಿ ಶೈನಿಂಗ್’ ಕಾದಂಬರಿ ಬಂತು. ಪುಣೆಯಲ್ಲೇ ಕೂತು ಮರಾಠಿ ಓದುಗರ ನಿದ್ದೆ ಕೆಡಿಸಿದ ನಾರಾಯಣ ಧಾರಪ್ ವಿಜ್ಞಾನ ಓದಿದ್ದವರು ಎಂಬುದನ್ನೂ ಹೇಳಬೇಕು.

ಪರೀಕ್ಷಿಸುವ ಮನಸ್ಸಿದ್ದವರಿಗೆ ದಾರಿ ಸುಲಭ. ಮರಾಠಿಯ ಗಂಧವಿಲ್ಲದ, ಈ ಕಥೆಯನ್ನೇ ಕೇಳಿರದ ನೆಂಟರೊಬ್ಬರನ್ನು ಹುಣ್ಣಿಮೆಯ ರಾತ್ರಿ ಗೋಡೆಯಾಚೆ ನಿಲ್ಲಿಸಿ, ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳಲು ಹೇಳಿ. ಸಂಜೆಯ ಮೇಲೆ ಒಳಗಂತೂ ಬಿಡುವುದಿಲ್ಲ. ನಿಜವಾದ ಹೊತ್ತಿಗೇ ಹೋಗುತ್ತೇನೆ ಎನ್ನುವವರು ಆಗಸ್ಟ್ 30ರ ಮಧ್ಯಾಹ್ನ ಟಿಕೆಟ್ ಕೊಂಡು ಒಳಗೆ ಹೋಗಬಹುದು. ಮಳೆಗಾಲ, ಕೊಡೆ ಬೇಕಾದೀತು.